ಅರ್ಧ ಕೋಳಿ ಸಾರಿಗೆ, ಇನ್ನರ್ಧ ಮೊಟ್ಟೆಗೆ

ಒಂದು ಭಾನುವಾರ ನಮ್ಮ ಸಭಾಪಾಲಕರಿಗೆ ಜ್ವರ ಬಂತು. ಅಂದಿನ ಪ್ರಸಂಗ ಯಾರು ಮಾಡಬೇಕು ಎಂಬ ಮಾತು ಬಂದಾಗ ನನ್ನ ದೊಡ್ಡಮ್ಮನ ಮಗಳು ತಾನು ಮಾಡುತ್ತೇನೆ ಎಂದಳು. ಅಕ್ಕ ದೇವಶಾಸ್ತ್ರ ಓದಿ ಪದವಿ ಪಡೆದವಳು. ಹೊಸ ಒಡಂಬಡಿಕೆಯನ್ನು ಗ್ರೀಕಿನಲ್ಲಿ ಓದಬಲ್ಲವರು ನಮ್ಮ ಸಭೆಯಲ್ಲಿ ಅವಳನ್ನು ಬಿಟ್ಟರೆ ಇನ್ನೊಬ್ಬರಿಲ್ಲ. ಹಿರಿಯರೊಬ್ಬರು ಸಿಟ್ಟಾಗಲಿಲ್ಲ, ದನಿಯನ್ನೂ ಏರಿಸಲಿಲ್ಲ. ಸತ್ಯವೇದ ತೆರೆದು ತಿಮೊಥೆಯನಿಗೆ ಬರೆದ ಮೊದಲನೆಯ ಪತ್ರಿಕೆಯ ಎರಡನೆಯ ಅಧ್ಯಾಯ, 12ನೆಯ ವಚನದ ಮೇಲೆ ಬೆರಳಿಟ್ಟರು. ಹೆಂಗಸು ಉಪದೇಶ ಮಾಡಬಾರದು, ಗಂಡಸಿನ ಮೇಲೆ ಅಧಿಕಾರ ನಡೆಸಬಾರದು ಎಂಬುದು ಅದರ ಸಾರ. ‘ನಾನು ಹೇಳ್ತಿರೋದಲ್ಲಮ್ಮ, ವಾಕ್ಯ ಹೇಳ್ತಿರೋದು’ ಎಂದರು. ಅಕ್ಕ ಹಿಂದಿನ ಬೆಂಚಿಗೆ ಹೋಗಿ ಕೂತಳು. ಆ ದಿನ ಪ್ರಸಂಗವೇ ಇರಲಿಲ್ಲ. ನಾಲ್ಕು ಹಾಡು ಹೆಚ್ಚಿಗೆ ಹಾಡಿದೆವು.

ಮೂರು ವಾರ ಕಳೆದು ಅದೇ ಹಿರಿಯರ ಮನೆಯ ಮದುವೆ. ಮದುಮಗಳ ಕೊರಳಲ್ಲಿ ಮೂರೆಳೆ ಚಿನ್ನ, ಕಿವಿಯಲ್ಲಿ ಮುತ್ತು, ಹೆಣೆದ ಜಡೆ, ಮೈಮೇಲೆ ಕಾಂಜೀವರಂ ರೇಷ್ಮೆ. ನನಗೆ ಚಿನ್ನದ ಮೇಲೆ ಹಗೆಯಿಲ್ಲ. ಆದರೆ ಹಿರಿಯರು ಬೆರಳಿಟ್ಟ ಪುಟವನ್ನು ಆಮೇಲೆ ನಾನೂ ಓದಿದ್ದೆ. 12ನೆಯ ವಚನಕ್ಕಿಂತ ಮೂರೇ ವಚನ ಮೇಲೆ, 9ರಲ್ಲಿ, ಹೆಂಗಸರು ಜಡೆ ಹೆಣೆದು, ಚಿನ್ನ ಮುತ್ತು ಬೆಲೆಬಾಳುವ ಬಟ್ಟೆಗಳಿಂದ ಅಲಂಕರಿಸಿಕೊಳ್ಳಬಾರದು ಎಂದಿದೆ. ಒಂದೇ ಪತ್ರಿಕೆ, ಒಂದೇ ಅಧ್ಯಾಯ, ಒಂದೇ ಉಸಿರಿನ ಮಾತು. ಊಟದ ಸಾಲಿನಲ್ಲಿ ಸಿಕ್ಕಾಗ ಅವರನ್ನೇ ಕೇಳಿದೆ. ‘ಅದು ಆ ಕಾಲದ ರೋಮಿನ ಶ್ರೀಮಂತ ಹೆಂಗಸರಿಗೆ ಹೇಳಿದ್ದಪ್ಪಾ, ನಮಗಲ್ಲ’ ಎಂದರು.

ಒಳ್ಳೆಯ ಉತ್ತರವೇ. ಒಂದು ಬರಹವನ್ನು ಅದು ಹುಟ್ಟಿದ ಕಾಲ, ಊರು, ಓದುಗರ ಜೊತೆಗಿಟ್ಟು ನೋಡಬೇಕು ಎಂಬುದು ಸರಿಯಾದ ಓದಿನ ಮೊದಲ ಪಾಠ. ನನ್ನ ತಕರಾರು ಇಷ್ಟೇ: 9ನೆಯ ವಚನಕ್ಕೆ ಕಾಲ, ದೇಶ, ಸಂದರ್ಭ ಎಲ್ಲ ಇದೆ, ಮೂರು ವಚನ ಕೆಳಗಿಳಿದ ಕೂಡಲೇ ಅವೆಲ್ಲ ಮಾಯವಾಗಿ ಸರ್ವಕಾಲದ ಕಟ್ಟಳೆ ಹೇಗೆ ಶುರುವಾಗುತ್ತದೆ?

ನಮ್ಮ ತರ್ಕದ ಪರಂಪರೆಯಲ್ಲಿ ಇದಕ್ಕೊಂದು ಹೆಸರಿದೆ, ಅರ್ಧಕುಕ್ಕುಟೀ ನ್ಯಾಯ. ಒಬ್ಬನಿಗೆ ಕೋಳಿಯ ಮಾಂಸವೂ ಬೇಕು, ಮೊಟ್ಟೆಯೂ ಬೇಕು. ಅರ್ಧ ಕೋಳಿಯನ್ನು ಸಾರಿಗೆ ಹಾಕಿ, ಉಳಿದರ್ಧವನ್ನು ಮೊಟ್ಟೆ ಇಡಲು ಬಿಡೋಣ ಎಂದನಂತೆ. ಶಾಸ್ತ್ರವಾಕ್ಯದಲ್ಲಿ ತನಗೆ ಒಪ್ಪಿದ ಅರ್ಧವನ್ನು ಪ್ರಮಾಣವಾಗಿ ಹಿಡಿದು, ಒಪ್ಪದ ಅರ್ಧವನ್ನು ಬಿಡುವವನಿಗೆ ಹೇಳಿದ ಮಾತಿದು. ಕ್ರೈಸ್ತ ವೇದವ್ಯಾಖ್ಯಾನದ ಚರಿತ್ರೆಯಲ್ಲಿ ಈ ಅರ್ಧ ಕೋಳಿ ಮಾಡಿದ ಹಾನಿ ಸಣ್ಣದಲ್ಲ.

ಎಫೆಸದವರಿಗೆ ಬರೆದ ಪತ್ರಿಕೆಯನ್ನು ತೆಗೆದುಕೊಳ್ಳಿ. ಐದನೆಯ ಅಧ್ಯಾಯದ ಕೊನೆಯಿಂದ ಆರನೆಯದರ ಮೊದಲ ಭಾಗದವರೆಗೆ ಒಂದು ಮನೆಯ ಒಳಗಿನ ಮೂರು ಸಂಬಂಧಗಳ ಮಾತು ಬರುತ್ತದೆ: ಹೆಂಡತಿ–ಗಂಡ, ಮಕ್ಕಳು–ತಂದೆ, ದಾಸರು–ಯಜಮಾನರು. ಹೆಂಡತಿಗೆ ಅಧೀನಳಾಗಿರು ಎಂದು ಹೇಳುವ ಪತ್ರಿಕೆಯೇ ದಾಸನಿಗೆ ಭಯದಿಂದ ನಡುಗುತ್ತಾ ವಿಧೇಯನಾಗಿರು ಎನ್ನುತ್ತದೆ. ಇಂದು ಯಾವ ಸಭೆಯೂ ದಾಸ್ಯ ದೇವರ ಚಿತ್ತ ಎಂದು ಬೋಧಿಸುವುದಿಲ್ಲ. ಅದು ರೋಮನ್ ಕಾಲದ ಮನೆಯ ವ್ಯವಸ್ಥೆ, ಪೌಲ ಅದರೊಳಗೇ ನಿಂತು ಮಾತಾಡಿದ ಎನ್ನುತ್ತೇವೆ. ಹಾಗಾದರೆ ಅದೇ ಮನೆಯ, ಅದೇ ಪಟ್ಟಿಯ ಮೊದಲ ಜೋಡಿ ಮಾತ್ರ ಸೃಷ್ಟಿಯ ನಿಯಮವಾಗಿದ್ದು ಹೇಗೆ? ಇನ್ನೂ ಒಂದು ಮಾತನ್ನು ಅಕ್ಕ ತೋರಿಸಿಕೊಟ್ಟಳು. ಅತಿ ಹಳೆಯ ಕೆಲವು ಹಸ್ತಪ್ರತಿಗಳಲ್ಲಿ ಹೆಂಡತಿಯರ ಕುರಿತ 22ನೆಯ ವಚನಕ್ಕೆ ಸ್ವಂತ ಕ್ರಿಯಾಪದವೇ ಇಲ್ಲ. ಅದು ಹಿಂದಿನ ವಚನದಿಂದ ಕ್ರಿಯಾಪದವನ್ನು ಕಡ ತರುತ್ತದೆ. ಆ ಹಿಂದಿನ ವಚನ ಹೇಳುವುದು ಎಲ್ಲರೂ ಒಬ್ಬರಿಗೊಬ್ಬರು ಅಧೀನರಾಗಿರಿ ಎಂದು. ಮದುವೆಯ ದಿನ ಓದುವಾಗ ಸಾಮಾನ್ಯವಾಗಿ 22ರಿಂದಲೇ ಶುರುಮಾಡುತ್ತಾರೆ.

ದಾಸ್ಯದ ಮಾತು ಈಗ ಮುಗಿದ ಕತೆ ಎನ್ನುವಂತಿಲ್ಲ. ಅದು ಮುಗಿದ ಬಗೆಯಲ್ಲೇ ಪಾಠವಿದೆ. 1807ರಲ್ಲಿ ಲಂಡನ್ನಿನಲ್ಲಿ, ಬ್ರಿಟಿಷ್ ವೆಸ್ಟ್ ಇಂಡೀಸಿನ ಗುಲಾಮರಿಗಾಗಿಯೇ ಒಂದು ಬೈಬಲ್ ಅಚ್ಚಾಯಿತು. ಪ್ರೊಟೆಸ್ಟೆಂಟ್ ಬೈಬಲಿನಲ್ಲಿ 1,189 ಅಧ್ಯಾಯಗಳಿವೆ. ಅದರಲ್ಲಿ ಇದ್ದದ್ದು 232. ಮೋಶೆ ಇಸ್ರಾಯೇಲ್ಯರನ್ನು ಐಗುಪ್ತದ ದಾಸ್ಯದಿಂದ ಬಿಡಿಸಿದ ಕತೆ ಅದರಲ್ಲಿ ಇಲ್ಲ. ದಾಸನೆಂದೂ ಸ್ವತಂತ್ರನೆಂದೂ ಭೇದವಿಲ್ಲ ಎನ್ನುವ ಗಲಾತ್ಯದವರಿಗೆ ಬರೆದ ಪತ್ರಿಕೆಯ ಮಾತು ಇಲ್ಲ. ದಾಸರೇ, ವಿಧೇಯರಾಗಿರಿ ಎಂಬುದು ಇದೆ. ಈ ಪುಸ್ತಕವನ್ನು ನೋಡಿ ನಾವೆಲ್ಲ ಮೂಗಿನ ಮೇಲೆ ಬೆರಳಿಡುತ್ತೇವೆ. ಆದರೆ ಕತ್ತರಿ ಹಿಡಿದವರು ಕನಿಷ್ಠ ಕತ್ತರಿಸಿದ್ದು ಕಾಣುವಂತೆ ಕತ್ತರಿಸಿದರು. ನಮ್ಮ ಕತ್ತರಿ ನಾಲಿಗೆಯಲ್ಲಿದೆ. ಪುಟಗಳೆಲ್ಲ ಇದ್ದ ಹಾಗೇ ಇವೆ, ಓದುವುದು ಮಾತ್ರ ಬೇಕಾದ್ದನ್ನು.

1845ರಲ್ಲಿ ಅಮೆರಿಕದ ದಕ್ಷಿಣ ರಾಜ್ಯಗಳ ಬ್ಯಾಪ್ಟಿಸ್ಟರು ಉತ್ತರದವರಿಂದ ಬೇರೆಯಾಗಿ ಸದರ್ನ್ ಬ್ಯಾಪ್ಟಿಸ್ಟ್ ಕನ್ವೆನ್ಷನ್ ಕಟ್ಟಿಕೊಂಡರು. ಗುಲಾಮರನ್ನು ಇಟ್ಟುಕೊಂಡವನನ್ನು ಮಿಷನರಿಯಾಗಿ ಕಳಿಸಬಹುದೇ ಎಂಬುದು ಜಗಳದ ತಿರುಳು. ಗುಲಾಮಗಿರಿಯ ಪರವಾಗಿ ವಾದಿಸಿದವರ ಬಳಿ ವಚನಗಳಿಗೆ ಬರವಿರಲಿಲ್ಲ. ಎಫೆಸದ ವಚನ ಇತ್ತು. ಓಡಿಹೋದ ಒನೇಸಿಮನನ್ನು ಪೌಲ ಯಜಮಾನ ಫಿಲೆಮೋನನ ಬಳಿಗೆ ವಾಪಸ್ಸು ಕಳಿಸಿದ್ದಿತ್ತು. 150 ವರ್ಷ ಕಳೆದ ಮೇಲೆ, 1995ರಲ್ಲಿ, ಅದೇ ಸಂಸ್ಥೆ ಅದಕ್ಕಾಗಿ ಕ್ಷಮೆ ಕೇಳಿತು. ಅದು ದೊಡ್ಡತನವೇ. ಆದರೆ ಐದೇ ವರ್ಷದಲ್ಲಿ, 2000ದಲ್ಲಿ, ತನ್ನ ನಂಬಿಕೆಯ ಪ್ರಕಟಣೆಯನ್ನು ಪರಿಷ್ಕರಿಸಿ, ಸಭಾಪಾಲಕರ ಹುದ್ದೆ ಗಂಡಸರಿಗೆ ಮಾತ್ರ ಎಂದು ಬರೆದುಕೊಂಡಿತು. ಅಂದರೆ ಕ್ಷಮೆ ಕೇಳಿದ್ದು ಒಂದು ತೀರ್ಮಾನಕ್ಕೆ. ಆ ತೀರ್ಮಾನಕ್ಕೆ ಒಯ್ದ ಓದಿನ ಕ್ರಮ ಹಾಗೆಯೇ ಉಳಿಯಿತು.

ಅನುವಾದದಲ್ಲೂ ಈ ಎರಡು ತೂಕದ ಬಟ್ಟುಗಳಿವೆ. ಗ್ರೀಕಿನಲ್ಲಿ ‘ದಿಯಾಕೊನೊಸ್’ ಎಂಬ ಒಂದು ಪದ. ಪೌಲನ ಪತ್ರಿಕೆಗಳಲ್ಲಿ ಎಪಫ್ರನಿಗೂ ತುಖಿಕನಿಗೂ ಅದೇ ಪದ ಬಂದಿದೆ. ರೋಮಾಪುರದವರಿಗೆ ಬರೆದ ಪತ್ರಿಕೆಯ 16ನೆಯ ಅಧ್ಯಾಯದಲ್ಲಿ ಫೊಯಿಬೆ ಎಂಬ ಹೆಂಗಸಿಗೂ ಬಂದಿದೆ. 1611ರ ಕಿಂಗ್ ಜೇಮ್ಸ್ ಇಂಗ್ಲಿಷ್ ಬೈಬಲಿನಲ್ಲಿ ಗಂಡಸರಿಬ್ಬರೂ ‘ಮಿನಿಸ್ಟರ್’, ಫೊಯಿಬೆ ಮಾತ್ರ ‘ಸರ್ವೆಂಟ್’. ಅದೇ ಅಧ್ಯಾಯದ 7ನೆಯ ವಚನದಲ್ಲಿ ಅಪೊಸ್ತಲರ ನಡುವೆ ಹೆಸರಾದವಳು ಎಂದು ಯೂನ್ಯಳ ಮಾತು ಬರುತ್ತದೆ. ನಾಲ್ಕನೆಯ ಶತಮಾನದ ಕ್ರಿಸೊಸ್ತೊಮ್ ಅವಳನ್ನು ಹೆಂಗಸೆಂದೇ ತಿಳಿದು ಹೊಗಳಿದ. ಆದರೂ ಇಪ್ಪತ್ತನೆಯ ಶತಮಾನದಲ್ಲಿ ವಿದ್ವಾಂಸರು ಬಳಸುವ ಗ್ರೀಕ್ ಆವೃತ್ತಿಗಳೇ ಹಲವು ದಶಕಗಳ ಕಾಲ ಆ ಹೆಸರಿಗೆ ಪುಲ್ಲಿಂಗದ ಸ್ವರಚಿಹ್ನೆ ಹಾಕಿ ಅಚ್ಚುಮಾಡಿದವು. ಹೆಂಗಸು ಅಪೊಸ್ತಲಳಾಗಿರಲಾರಳು, ಆದ್ದರಿಂದ ಇವಳು ಹೆಂಗಸಲ್ಲ! ತೀರ್ಪು ಮೊದಲು, ಸಾಕ್ಷಿ ಆಮೇಲೆ. ಕನ್ನಡ ಬೈಬಲ್ ಕೈಯಲ್ಲಿರುವವರು ಈ ಜಾಗಗಳನ್ನು ಪಕ್ಕಪಕ್ಕ ಇಟ್ಟು ಒಮ್ಮೆ ನೋಡಬಹುದು.

ಇಲ್ಲಿಗೆ ಬಂದಾಗ ಒಂದು ಮಾತು ಖಂಡಿತ ಎದುರಾಗುತ್ತದೆ: ‘ಇದು ನಂಬಿಕೆಯ ವಿಷಯ, ತರ್ಕಕ್ಕೆ ಇಲ್ಲೇನು ಕೆಲಸ?’ ತರ್ಕಕ್ಕೆ ಮೀರಿದ್ದು ಬೇರೆ, ತರ್ಕ ತಪ್ಪಿದ್ದು ಬೇರೆ. ದೇವರು ಒಬ್ಬನೇ ಆಗಿದ್ದು ಮೂವರೂ ಹೇಗೆ ಎಂಬುದು ರಹಸ್ಯ ಎಂದರೆ ನಾನು ಸುಮ್ಮನಾಗುತ್ತೇನೆ. ಚಿನ್ನಕ್ಕೊಂದು ನ್ಯಾಯ, ಪ್ರಸಂಗಪೀಠಕ್ಕೊಂದು ನ್ಯಾಯ ಎಂಬುದರಲ್ಲಿ ಯಾವ ರಹಸ್ಯವೂ ಇಲ್ಲ. ಮೇಲಾಗಿ, ಮದುವೆಯ ಚಿನ್ನವನ್ನು ಬಿಡಿಸಿಕೊಳ್ಳಲು ಹಿರಿಯರು ಬಳಸಿದ್ದೂ ತರ್ಕವನ್ನೇ. ತಮಗೆ ಬೇಕಾದಾಗ ಕರೆದು, ಅಕ್ಕ ಬಂದಾಗ ಬಾಗಿಲು ಹಾಕಿದರು ಅಷ್ಟೆ.

ಏಕರೂಪತೆಯ ಬೇಡಿಕೆ ಹೊರಗಿನಿಂದ ತಂದು ಹೇರಿದ್ದೂ ಅಲ್ಲ. ಗಲಾತ್ಯದವರಿಗೆ ಬರೆದ ಪತ್ರಿಕೆಯ ಎರಡನೆಯ ಅಧ್ಯಾಯದಲ್ಲಿ ಅಂತಿಯೋಕ್ಯದ ಊಟದ ಪಂಕ್ತಿಯ ಜಗಳವಿದೆ. ಅಲ್ಲಿ ಪೇತ್ರ ಅನ್ಯಜನರ ಜೊತೆ ಕೂತು ಉಣ್ಣುತ್ತಿದ್ದ. ಯಾಕೋಬನ ಕಡೆಯವರು ಬಂದೊಡನೆ ಅಂಜಿ, ಆ ಪಂಕ್ತಿ ಬಿಟ್ಟು ಹಿಂದೆ ಸರಿದ. ಪೌಲ ಎಲ್ಲರ ಎದುರೇ ಅವನನ್ನು ತಡೆದು ಕೇಳಿದ. ಅವನ ದೂರು ಪೇತ್ರನ ನಂಬಿಕೆ ಕಡಿಮೆ ಎಂದಲ್ಲ. ನಿನ್ನೆ ಬದುಕಿದ್ದು ಒಂದು ಬಗೆ, ಇಂದು ಬೇರೆಯವರ ಮೇಲೆ ಹೇರುತ್ತಿರುವುದು ಇನ್ನೊಂದು ಬಗೆ ಎಂದು. ಪಂಕ್ತಿಭೇದ ಎಂದರೇನೆಂದು ಕನ್ನಡದವರಿಗೆ ವಿವರಿಸಿ ಹೇಳಬೇಕಿಲ್ಲ. ಭೇದವಿಲ್ಲ ಎನ್ನುವ ಮೂರನೆಯ ಅಧ್ಯಾಯದ ಮಾತು ಬರೀ ಆತ್ಮಕ್ಕೆ ಸಂಬಂಧಿಸಿದ್ದು, ಸಮಾಜಕ್ಕಲ್ಲ ಎನ್ನುವವರು ಹಿಂದಿನ ಅಧ್ಯಾಯದ ಈ ಊಟದ ಎಲೆಯನ್ನು ಏನು ಮಾಡುತ್ತಾರೆ?

ಈ ಅಳತೆಗೋಲು ನನ್ನ ಕಡೆಯವರಿಗೂ ಅನ್ವಯಿಸಲೇಬೇಕು. ಕೊರಿಂಥದವರಿಗೆ ಬರೆದ ಮೊದಲನೆಯ ಪತ್ರಿಕೆಯ 11ನೆಯ ಅಧ್ಯಾಯದಲ್ಲಿ ಹೆಂಗಸರು ಸಭೆಯಲ್ಲಿ ಪ್ರಾರ್ಥಿಸುವುದು, ಪ್ರವಾದಿಸುವುದು ಸಹಜ ಸಂಗತಿಯೆಂಬಂತೆ ಬರುತ್ತದೆ. 14ನೆಯ ಅಧ್ಯಾಯದಲ್ಲಿ ಸುಮ್ಮನಿರಬೇಕು ಎಂದಾಗುತ್ತದೆ. ಈ ಎರಡನೆಯ ಮಾತು ಪೌಲನದಲ್ಲ, ಯಾರೋ ಆಮೇಲೆ ಸೇರಿಸಿದ್ದು ಎಂದು ಹೇಳುವ ವಿದ್ವಾಂಸರಿದ್ದಾರೆ. ಕೆಲವು ಹಸ್ತಪ್ರತಿಗಳಲ್ಲಿ ಆ ಎರಡು ವಚನಗಳು ಅಧ್ಯಾಯದ ಕೊನೆಗೆ ಹೋಗಿರುವುದು ಅವರ ಒಂದು ಆಧಾರ. ಆ ಆಧಾರವನ್ನು ತೂಗಿ ನೋಡಿ ಒಪ್ಪುವುದು ಸರಿ. ನನಗೆ ಕಹಿಯಾದದ್ದೆಲ್ಲ ಪ್ರಕ್ಷೇಪ, ಸಿಹಿಯಾದದ್ದೆಲ್ಲ ಮೂಲಪಾಠ ಎಂದರೆ ನಾನೂ ಅರ್ಧ ಕೋಳಿ ಕಟ್ಟಿಕೊಂಡವನೇ. ನನ್ನ ವಿಶ್ವವಿದ್ಯಾಲಯದ ಗೆಳೆಯರ ಕತೆಯೂ ಅದೇ. ಕ್ರೂರವಾದ ವಚನ ಸಿಕ್ಕರೆ ಅಕ್ಷರಶಃ ಓದುತ್ತಾರೆ; ಕರುಣೆಯ ವಚನ ತೋರಿಸಿದರೆ ಅದು ಆಮೇಲೆ ಬಳಿದ ಸುಣ್ಣಬಣ್ಣ ಎನ್ನುತ್ತಾರೆ. ದೇವರನ್ನು ನಂಬದ ಮಾತ್ರಕ್ಕೆ ಓದು ನೇರವಾಗಿಬಿಡುವುದಿಲ್ಲ.

ನೇರವಾಗಿ ಓದಿದರೆ ಸಭೆ ಕುಸಿಯುತ್ತದೆ ಎಂಬ ಭಯವೂ ಹುರುಳಿಲ್ಲದ್ದು. 1947ರಲ್ಲಿ ರೂಪುಗೊಂಡ ದಕ್ಷಿಣ ಭಾರತ ಸಭೆಯಲ್ಲಿ 2013ರಲ್ಲಿ ಪುಷ್ಪಲಲಿತಾ ಎಗ್ಗೋನಿ ಅವರು ನಂದ್ಯಾಲ ಪ್ರಾಂತದ ಬಿಷಪ್ ಆದರು. ಅಲ್ಲಿರುವುದೂ ಇದೇ ಸತ್ಯವೇದ, 12ನೆಯ ವಚನವನ್ನು ಅವರು ಹರಿದು ಹಾಕಿಲ್ಲ.

ಅಕ್ಕ ಈಗ ನಮ್ಮ ಸಭೆಯಲ್ಲಿ ಭಾನುವಾರದ ಶಾಲೆಯ ಮಕ್ಕಳಿಗೆ ಕಲಿಸುತ್ತಾಳೆ. ಅದಕ್ಕೆ ಯಾರ ಅಡ್ಡಿಯೂ ಇಲ್ಲ. ಅಲ್ಲಿ ಹುಡುಗರೂ ಇದ್ದಾರೆ. ಅವರಿಗೆ ಮೀಸೆ ಮೂಡಿದ ಯಾವ ದಿನದಿಂದ ಅವಳ ಉಪದೇಶ ಪಾಪವಾಗುತ್ತದೆ ಎಂದು ಯಾವ ಪತ್ರಿಕೆಯೂ ಹೇಳಿಲ್ಲ, ಹಿರಿಯರೂ ಹೇಳಿಲ್ಲ.

ಚೀಲದಲ್ಲಿ ದೊಡ್ಡದೊಂದು, ಚಿಕ್ಕದೊಂದು ತೂಕದ ಬಟ್ಟು ಇಟ್ಟುಕೊಳ್ಳಬೇಡ ಎಂದು ಧರ್ಮೋಪದೇಶಕಾಂಡದ 25ನೆಯ ಅಧ್ಯಾಯ ವ್ಯಾಪಾರಿಗೆ ಹೇಳುತ್ತದೆ. ಹಿರಿಯರಲ್ಲಿ ನನ್ನ ಕೋರಿಕೆ ಅದಕ್ಕಿಂತ ಹೆಚ್ಚಿನದಲ್ಲ. 12ನೆಯ ವಚನವೇ ಬೇಕೆಂದರೆ 9ರಿಂದ ಗಟ್ಟಿಯಾಗಿ ಓದಿ, ಮನೆಗೆ ಹೋಗಿ ಚಿನ್ನದ ಪೆಟ್ಟಿಗೆ ತೆರೆಯಿರಿ. ಅದು ಆಗದ ಮಾತು ಎನ್ನುವುದಾದರೆ, ಮುಂದಿನ ಸಲ ಸಭಾಪಾಲಕರಿಗೆ ಜ್ವರ ಬಂದಾಗ ಅಕ್ಕನನ್ನು ಹಿಂದಿನ ಬೆಂಚಿನಿಂದ ಮುಂದಕ್ಕೆ ಕರೆಯಿರಿ.