'ಆಲ್ದೋ' ಇದ್ದಲ್ಲಿ 'ಬಟ್' ಬೇಡ

ಇಂಗ್ಲಿಷ್ ಉತ್ತರಪತ್ರಿಕೆಗಳಲ್ಲಿ ಮತ್ತೆ ಮತ್ತೆ ಕಾಣುವ ವಾಕ್ಯವೊಂದಿದೆ: 'ಆಲ್ದೋ ದ ಬಸ್ ವಾಸ್ ಲೇಟ್, ಬಟ್ ಷೀ ರೀಚ್ಡ್ ಸ್ಕೂಲ್ ಆನ್ ಟೈಮ್.' ಕಾಗುಣಿತ ಸರಿ, ಕಾಲವೂ ಸರಿ. ಆದರೂ ವಾಕ್ಯ ತಪ್ಪು. ವಿರೋಧ ಸೂಚಿಸಲು ಒಂದೇ ಸಂಯೋಜಕ ಸಾಕಾದ ಕಡೆ ಎರಡು ಬಂದಿವೆ.

'ಕನ್ನಡದಲ್ಲಿ ಯೋಚಿಸಿ ಬರೆದರೆ ಹೀಗೇ ಆಗುವುದು' ಎಂದು ಮಕ್ಕಳನ್ನು ಗದರುವುದುಂಟು. ಆದರೆ ಕನ್ನಡದ ಮೇಲೆ ಈ ದೂರು ಸಲ್ಲದು. 'ಬಸ್ಸು ತಡವಾದರೂ ಅವಳು ಸಮಯಕ್ಕೆ ಶಾಲೆ ತಲಪಿದಳು' ಎನ್ನಬಹುದು. 'ಬಸ್ಸು ತಡವಾಯಿತು, ಆದರೆ ಅವಳು ಸಮಯಕ್ಕೆ ತಲಪಿದಳು' ಎಂದೂ ಹೇಳಬಹುದು. 'ತಡವಾದರೂ, ಆದರೆ ಅವಳು...' ಎಂದು ಯಾವ ಮಗುವೂ ಹೇಳದು.

ಹಾಗಾದರೆ ತೊಡಕೆಲ್ಲಿ? ಪದ ನಿಲ್ಲುವ ಜಾಗದಲ್ಲಿ. ಕನ್ನಡದ 'ರೂ' ಎರಡು ಭಾಗಗಳು ಕೂಡುವಲ್ಲೇ ಬರುತ್ತದೆ. ಇಂಗ್ಲಿಷಿನ 'ಆಲ್ದೋ' ವಾಕ್ಯದ ಆರಂಭದಲ್ಲೇ ಬಂದರೆ ನಡುವೆ ಉಳಿಯುವುದು ಅಲ್ಪವಿರಾಮ ಮಾತ್ರ. ಆ ಜಾಗ ಖಾಲಿ ಎನಿಸಿ ವಿದ್ಯಾರ್ಥಿ ಅಲ್ಲೊಂದು 'ಬಟ್' ತುಂಬುತ್ತಾನೆ. ಎರಡರಲ್ಲಿ ಒಂದನ್ನು ತೆಗೆಯಿರಿ. ಯಾವುದನ್ನು ತೆಗೆದರೂ ವಾಕ್ಯ ಸರಿಹೋಗುತ್ತದೆ. 'ದೋ' ಪದಕ್ಕೂ ಇದೇ ನಿಯಮ.

'ಯೆಟ್' ಮಾತ್ರ ಇದಕ್ಕೆ ಹೊರತು. 'ದೋ' ಜತೆ 'ಯೆಟ್' ಬರುವ ರೂಢಿ ಹಳೆಯದು. 1611ರ ಕಿಂಗ್ ಜೇಮ್ಸ್ ಬೈಬಲಿನಲ್ಲೂ ಈ ಜೋಡಿ ಇದೆ. ಅದು ತಪ್ಪಲ್ಲ.

'ಡಿಸ್ಪೈಟ್' ಸಂಯೋಜಕವಲ್ಲ, ಪ್ರಿಪೊಸಿಷನ್. ಅದರ ಮುಂದೆ ಪೂರ್ಣ ವಾಕ್ಯ ಬಾರದು, ನಾಮಪದ ಬರಬೇಕು: 'ಡಿಸ್ಪೈಟ್ ದ ರೇನ್'. 'ಇನ್ ಸ್ಪೈಟ್' ಜತೆ 'ಆಫ್' ಬೇಕು, 'ಡಿಸ್ಪೈಟ್' ಜತೆ ಬೇಡ.

ಅಡ್ಡಿಯ ಮಾತಿಲ್ಲದೆ ಎರಡು ಸಂಗತಿಗಳನ್ನು ಎದುರುಬದುರು ಇಡಲು 'ವೇರ್‌ಆ್ಯಸ್' ಇದೆ. 'ಅಕ್ಕನಿಗೆ ಗಣಿತ ಇಷ್ಟ, ತಮ್ಮನಿಗೋ ಚಿತ್ರಕಲೆ' ಎಂಬಲ್ಲಿ 'ಓ' ಮಾಡುವ ಕೆಲಸವೇ ಅದರದು.

ಅಭ್ಯಾಸ: 'ಕರೆಂಟು ಹೋದರೂ ಅವನು ಓದು ನಿಲ್ಲಿಸಲಿಲ್ಲ.' ಇದನ್ನು ಮೂರು ಬಗೆಯಲ್ಲಿ ಇಂಗ್ಲಿಷಿಗೆ ತನ್ನಿ.

ಉತ್ತರ: 1. ಆಲ್ದೋ ದ ಪವರ್ ಫೇಲ್ಡ್, ಹೀ ಡಿಡ್ ನಾಟ್ ಸ್ಟಾಪ್ ರೀಡಿಂಗ್. 2. ದ ಪವರ್ ಫೇಲ್ಡ್, ಬಟ್ ಹೀ ಡಿಡ್ ನಾಟ್ ಸ್ಟಾಪ್ ರೀಡಿಂಗ್. 3. ಡಿಸ್ಪೈಟ್ ದ ಪವರ್ ಕಟ್, ಹೀ ಡಿಡ್ ನಾಟ್ ಸ್ಟಾಪ್ ರೀಡಿಂಗ್.

ಪಾಲಕರಿಗೊಂದು ಮಾತು: ಮಗು ತಪ್ಪಿದಾಗ ಅದೇ ವಾಕ್ಯವನ್ನು ಕನ್ನಡದಲ್ಲಿ ಹೇಳಿಸಿ. 'ರೂ' ಮತ್ತು 'ಆದರೆ' ಒಟ್ಟಿಗೆ ಬಾರವೆಂದು ಅದಕ್ಕೆ ಆಗಲೇ ಗೊತ್ತಿದೆ. ಇಂಗ್ಲಿಷಿನ ನಿಯಮವನ್ನು ಆ ತಿಳಿವಳಿಕೆಯ ಮೇಲೇ ಕಟ್ಟಬಹುದು.