ಎತ್ತರ ಅಳೆದು ಜೂಡೋಗೆ ಆರಿಸ್ತಾರಂತೆ!

ಮೊನ್ನೆ ಭಾನುವಾರ ಜಯನಗರದ ಒಂದು ಮೈದಾನದಲ್ಲಿ ಮಕ್ಕಳ ಜೂಡೋ ‘ಸೆಲೆಕ್ಷನ್’ ನೋಡಿದೆ. ಯಾರದ್ದು ಅನ್ನೋದು ಬೇಡ ಬಿಡಿ. ಎತ್ತರ ಅಳೆದ್ರು, ತೂಕ ನೋಡಿದ್ರು, 50 ಮೀಟರ್ ಓಡಿಸಿದ್ರು. ಹತ್ತು ವರ್ಷದ ಪುಟ್ಟ ಹುಡುಗನೊಬ್ಬನಿಗೆ ‘ನಿಂಗೆ ಮೈಕಟ್ಟಿಲ್ಲ, ಕೇರಂ ಆಡು ಹೋಗು’ ಅಂದ್ರು. ಅವರಪ್ಪ ಮಾತಾಡದೆ ಸ್ಕೂಟರ್ ಸ್ಟಾರ್ಟ್ ಮಾಡಿದ್ರು. ಇಷ್ಟಕ್ಕೂ ಅಲ್ಲಿ ಮ್ಯಾಟನ್ನೇ ಹಾಸಿರಲಿಲ್ಲ!

ಅಲ್ಲ ಸ್ವಾಮಿ, ಜೂಡೋ ನಡೆಯೋದೇ ತೂಕದ ವಿಭಾಗಗಳಲ್ಲಿ. ಮಣಿಪುರದ ಸುಶೀಲಾ ದೇವಿ 2014 ಮತ್ತು 2022ರ ಕಾಮನ್‌ವೆಲ್ತ್ ಕೂಟಗಳಲ್ಲಿ ಬೆಳ್ಳಿ ಗೆದ್ದಿದ್ದು 48 ಕೆಜಿ ವಿಭಾಗದಲ್ಲಿ. ಪುಟ್ಟ ಮೈ ಇಲ್ಲಿ ಯಾವ ಲೆಕ್ಕದಲ್ಲಿ ಕುಂದು? ಮೇಲಾಗಿ ವಯೋಮಿತಿ ಹುಟ್ಟಿದ ಇಸವಿಯ ಮೇಲೆ. ಜನವರಿಯಲ್ಲಿ ಹುಟ್ಟಿದವನೂ ಡಿಸೆಂಬರ್‌ನವನೂ ಒಂದೇ ಗುಂಪು. ನೀವು ಆರಿಸಿದ್ದು ಪ್ರತಿಭೆಯನ್ನಲ್ಲ, ಬೇಗ ಬೆಳೆದವರನ್ನ.

ಹಾಗಾದ್ರೆ ಫಿಟ್ನೆಸ್ ಬೇಡ್ವಾ? ಬೇಕು. ಪೋಲೆಂಡಿನ ಸ್ಟೆರ್ಕೊವಿಚ್ 1995ರಲ್ಲಿ ಜೂಡೋಗೆಂದೇ ಒಂದು ಪರೀಕ್ಷೆ ಕೊಟ್ಟರು. ಆರು ಮೀಟರ್ ಅಂತರದಲ್ಲಿ ನಿಂತ ಇಬ್ಬರ ನಡುವೆ ಓಡಾಡ್ತಾ, 15, 30, 30 ಸೆಕೆಂಡುಗಳ ಮೂರು ಸುತ್ತಲ್ಲಿ ಅವರನ್ನ ಎತ್ತಿ ಒಗೀಬೇಕು. ಮುಗಿದ ಕೂಡಲೇ ಒಮ್ಮೆ, ಒಂದು ನಿಮಿಷ ಬಿಟ್ಟು ಮತ್ತೊಮ್ಮೆ ಎದೆಬಡಿತ ಎಣಿಸಿ, ಕೂಡಿಸಿ, ಒಟ್ಟು ಎಸೆತಗಳಿಂದ ಭಾಗಿಸ್ತಾರೆ. ಬರೋ ಅಂಕಿ ಕಡಿಮೆಯಿದ್ದಷ್ಟೂ ಒಳ್ಳೇದು. ಆದ್ರೆ ಇದು ಎಸೆಯೋದು ಕಲಿತವರಿಗೆ. ಬೀಳೋದನ್ನೂ ಕಲಿಯದ ಮಗುವಿನ ಭವಿಷ್ಯ ಹೇಳೋ ಜಾತಕ ಅಲ್ಲ.

‘ಲಿಂತೋಯಿ ಚನಂಬಮ್‌ಳನ್ನೂ ಚಿಕ್ಕ ವಯಸ್ಸಲ್ಲೇ ಆರಿಸಿದ್ರಲ್ಲ?’ ಅಂತೀರಾ. ಹೌದು, ಅವಳು ಮ್ಯಾಟ್ ಮೇಲೆ ಸೆಣಸೋದನ್ನ ನೋಡಿ. ಆಮೇಲೆ ನಮ್ಮ ಬಳ್ಳಾರಿಯ ವಿಜಯನಗರದಲ್ಲಿರೋ ಇನ್‌ಸ್ಪೈರ್ ಸಂಸ್ಥೆಯಲ್ಲಿ ವರ್ಷಗಟ್ಟಲೆ ತರಬೇತಿ. 2022ರಲ್ಲಿ ಸರಾಯೆವೊದಲ್ಲಿ ವಿಶ್ವ ಕೆಡೆಟ್ ಚಿನ್ನ. ಭಾರತಕ್ಕೆ ಜೂಡೋದಲ್ಲಿ ಯಾವುದೇ ವಯೋಮಾನದಲ್ಲಿ ಸಿಕ್ಕ ಮೊದಲ ವಿಶ್ವ ಪದಕ ಅದು.

ಜೂಡೋ ಹುಟ್ಟಿದ ಜಪಾನೇ 2022ರಲ್ಲಿ ಪ್ರಾಥಮಿಕ ಶಾಲಾ ಮಕ್ಕಳ ರಾಷ್ಟ್ರೀಯ ವೈಯಕ್ತಿಕ ಪಂದ್ಯಾವಳಿಯನ್ನ ನಿಲ್ಲಿಸಿತು. ಗೆಲ್ಲೋ ಹುಚ್ಚಿಗೆ ಮಕ್ಕಳ ತೂಕ ಇಳಿಸೋದು ಅತಿಯಾಯ್ತು ಅಂತ. ನಾವಿಲ್ಲಿ ಒಂದು ಭಾನುವಾರದಲ್ಲಿ ಹಣೆಬರಹ ಬರೀತೀವಿ!

ಮೂರು ತಿಂಗಳು ಎಲ್ಲರಿಗೂ ಬೀಳೋದು, ಏಳೋದು, ಹಿಡಿಯೋದು ಕಲಿಸಿ. ಯಾರು ಬೇಗ ಕಲೀತಾರೆ, ಯಾರು ಬಿದ್ದರೂ ನಗ್ತಾ ಏಳ್ತಾರೆ ಅಂತ ನೋಡಿ. ಆರು ತಿಂಗಳಿಗೊಮ್ಮೆ ಮತ್ತೆ ಅಳೀರಿ. ಬಾಗಿಲು ಮಾತ್ರ ಮುಚ್ಚಬೇಡಿ.

ಆ ಹುಡುಗ ಈಗ ಕೇರಂ ಆಡ್ತಿದಾನೋ ಏನೋ... ನೀವೇನಂತೀರಾ?