ಸಾರಥಿಯ ಬಾಯಿಗೆ ಬೀಗವೇ?

ರಾಜರ ನಾಟಕದಲ್ಲಿ ಹಾಸ್ಯ ಕೂಡದಂತೆ! ಇತಿಹಾಸ ಪುರುಷರನ್ನು ಹಾಡಿಸಿ, ಕುಣಿಸಿ, ನಗೆಪಾಟಲು ಮಾಡುವುದು ನಾಡಿಗೇ ಅವಮಾನವಂತೆ! ವೇದಿಕೆಯ ಮುಂದಿನ ಕುರ್ಚಿಗಳಿಂದ ಈ ಮಾತು ಆಗಾಗ ಕೇಳಿಬರುತ್ತದೆ. ಅದರ ಬೆನ್ನಿಗೇ ಇನ್ನೊಂದು: ಓದಿದವರಿಗಾದರೆ ಸರಿ, ಹಳ್ಳಿಯ ಜನ ಇಂಥ ನಗೆಯನ್ನು ಅಪಾರ್ಥ ಮಾಡಿಕೊಳ್ಳುತ್ತಾರೆ. ಹೀಗೆನ್ನುವ ಮಹನೀಯರು ಒಮ್ಮೆಯಾದರೂ ಕುರ್ಚಿ ಬಿಟ್ಟು ಚಾಪೆಯ ಮೇಲೆ ಕುಳಿತು ಆಟ ನೋಡಿದ್ದಾರೆಯೇ ಎಂಬುದೇ ನಮ್ಮ ಪ್ರಶ್ನೆ.

ನಮ್ಮ ಮೂಡಲಪಾಯದ ಬಯಲಾಟವನ್ನೇ ನೋಡಿ. ಮದ್ದಳೆ, ತಾಳ, ಮುಖವೀಣೆಗಳ ನಡುವೆ, ಕಿರೀಟ ಭುಜಕೀರ್ತಿ ಹೊತ್ತು, ರಂಗವೇ ನಡುಗುವಂತೆ ಹೆಜ್ಜೆಯಿಡುತ್ತ ರಾಜ ಬರುತ್ತಾನೆ. ಅವನನ್ನು ತಡೆದು ನಿಲ್ಲಿಸಿ ನೀನು ಯಾರು, ಯಾವ ಊರು, ಇಲ್ಲಿಗೆ ಬಂದ ಕಾರಣವೇನು ಎಂದು ಕೇಳುವವನು ಯಾರು? ಸಾರಥಿ! ಕಿರೀಟವಿಲ್ಲ, ಕತ್ತಿಯಿಲ್ಲ, ಬಾಯಿಯೊಂದೇ ಬಂಡವಾಳ. ಮೂರು ಲೋಕದ ಗಂಡನೂ ಅವನ ಮುಂದೆ ತನ್ನ ಹೆಸರು ಒಪ್ಪಿಸಿಯೇ ಮುಂದೆ ಹೋಗಬೇಕು. ದೊರೆಯ ವಿಳಾಸ ಕೇಳುವ ಈ ಪದ್ಧತಿಯನ್ನು ಯಾವ ವಿದೇಶದ ಪುಸ್ತಕವೂ ನಮಗೆ ಕಲಿಸಲಿಲ್ಲ. ನೆಲದ ಮೇಲೆ ಕುಳಿತವನು ಅಲ್ಲಿ ನಗುವುದು ಅರ್ಥವಾಗದೆ ಅಲ್ಲ, ಚೆನ್ನಾಗಿ ಅರ್ಥವಾಗಿ.

ಹಾಗಾದರೆ ಮುನಿಸಿಕೊಳ್ಳುವವರು ಯಾರು? ಪುಣೆಯ ಕಥೆ ಕೇಳಿ. ವಿಜಯ ತೆಂಡೂಲ್ಕರರ 'ಘಾಶೀರಾಮ್ ಕೋತ್ವಾಲ್' 1972ರ ಡಿಸೆಂಬರಿನಲ್ಲಿ ರಂಗಕ್ಕೆ ಬಂತು. ಕೀರ್ತನೆ, ಲಾವಣಿ, ತಮಾಷೆಯ ಹಾಡು ಕುಣಿತಗಳಲ್ಲಿಯೇ ಪೇಶ್ವೆಯರ ಮಂತ್ರಿ ನಾನಾ ಫಡ್ನವೀಸನ ಆಡಳಿತವನ್ನು ಗೇಲಿ ಮಾಡಿದ ನಾಟಕ ಅದು. ಮಗಳನ್ನು ಮಂತ್ರಿಗೆ ಒಪ್ಪಿಸಿ ಕೋತ್ವಾಲನ ಹುದ್ದೆ ಪಡೆಯುವ ಘಾಶೀರಾಮ, ಕೆಲಸ ಮುಗಿದ ಮೇಲೆ ಅವನನ್ನು ಗುಂಪಿನ ಕೈಗೆ ಕೊಟ್ಟುಬಿಡುವ ನಾನಾ. ನಾನಾನಿಗೂ ಬ್ರಾಹ್ಮಣರಿಗೂ ಅವಮಾನವಾಯಿತೆಂಬ ಕೂಗೆದ್ದಿತು. 19 ಪ್ರದರ್ಶನಗಳಿಗೆ ಆಟ ನಿಂತಿತು. ನಿಲ್ಲಿಸಿದವರು ಟಿಕೇಟು ಕೊಂಡ ಪ್ರೇಕ್ಷಕರಲ್ಲ, ನಾಟಕ ಸಂಸ್ಥೆಯ ಮೇಲಿನವರೇ! ನಟರು ಹೊರಬಂದು ಥಿಯೇಟರ್ ಅಕಾಡೆಮಿ ಕಟ್ಟಿ 1974ರಲ್ಲಿ ಮತ್ತೆ ಆಡಿದರು, 1980ರಲ್ಲಿ ಯೂರೋಪಿಗೂ ಒಯ್ದರು. ನಾನಾ ಫಡ್ನವೀಸ ತೀರಿಕೊಂಡದ್ದು 1800ರಲ್ಲಿ. ಸತ್ತು ನೂರೆಪ್ಪತ್ತು ವರ್ಷವಾದವನ ಮಾನಕ್ಕೆ ಇಷ್ಟೊಂದು ಕಳವಳವೇಕೆ? ಬದುಕಿರುವ ನಾನಾಗಳು ಕನ್ನಡಿ ನೋಡಿಕೊಂಡರು, ಅಷ್ಟೇ.

ನಮ್ಮ ಕನ್ನಡದಲ್ಲಿಯೇ ಗಿರೀಶ ಕಾರ್ನಾಡರ 'ತುಘಲಕ್' ಇದೆ, 1964ರದು. ಅಗಸರ ಅಜೀಜ್ ಬ್ರಾಹ್ಮಣ ವೇಷದಲ್ಲಿ ಸುಲ್ತಾನನ ಮೇಲೆಯೇ ವ್ಯಾಜ್ಯ ಗೆದ್ದು ಹಣವನ್ನೂ ಸರ್ಕಾರಿ ನೌಕರಿಯನ್ನೂ ಹೊಡೆಯುತ್ತಾನೆ. ಬೆಳ್ಳಿಯ ಬೆಲೆಗೆ ಹಗುರ ಲೋಹದ ನಾಣ್ಯ ನಡೆಯಲಿ ಎಂದು ದೊರೆ ಅಪ್ಪಣೆ ಕೊಡಿಸಿದರೆ, ಅಜೀಜ್ ಖೋಟಾ ನಾಣ್ಯಕ್ಕೆ ಕೈ ಹಾಕುತ್ತಾನೆ. ಕೊಲೆಯನ್ನೂ ಮಾಡಿ ಸಿಕ್ಕಿಬಿದ್ದಾಗ ಸುಲ್ತಾನ ಕೊಡುವ ಶಿಕ್ಷೆಯೇನು? ದಖ್ಖನಿನಲ್ಲಿ ಅಧಿಕಾರಿ ಹುದ್ದೆ! (ಅಂದರೆ ನಮ್ಮ ಕಡೆಗೇ.) ಈ ಹಾಸ್ಯ ಚಳ್ಳಕೆರೆಯ ಎಣ್ಣೆ ಮಿಲ್ಲಿನ ಹಮಾಲನಿಗೆ, ಸಂತೆಯಲ್ಲಿ ಅಂಗಡಿ ಹರಡುವವನಿಗೆ ತಿಳಿಯದೆ? 2016ರ ನವೆಂಬರಿನಲ್ಲಿ 500, 1000ದ ನೋಟು ಒಂದೇ ರಾತ್ರಿಯಲ್ಲಿ ರದ್ದಾದಾಗ, ಗಲ್ಲಾಪೆಟ್ಟಿಗೆ ಮುಚ್ಚಿಕೊಂಡು ಬ್ಯಾಂಕಿನ ಮುಂದೆ ಸಾಲು ನಿಂತವರು ಅವರೇ. ತುಘಲಕನ ಹೆಸರು ಆಗ ಎಷ್ಟು ಬಾಯಲ್ಲಿ ಬಂತು! ಆ ನಾಟಕದ ನಗೆಯ ಬೆಲೆಯನ್ನು ಅವರು ಮುಂಗಡವಾಗಿ ತೆತ್ತಿದ್ದಾರೆ.

ಸಣ್ಣವರಿಗೆ ತಿಳಿಯದು ಎನ್ನುವವರು ಬ್ರಹ್ಮಗಿರಿಗೆ ಹೋಗಿಬರಲಿ. 1892ರಲ್ಲಿ ರೈಸ್ ಸಾಹೇಬರು ಕಂಡುಹಿಡಿದ ಅಶೋಕನ ಬಂಡೆ ಶಾಸನ ಅಲ್ಲಿದೆ. ಸಾಧನೆ ದೊಡ್ಡವರ ಸೊತ್ತಲ್ಲ, ಪ್ರಯತ್ನಪಟ್ಟರೆ ಸಣ್ಣವನೂ ಸ್ವರ್ಗಕ್ಕೆ ಅರ್ಹ ಎಂಬುದೇ ಅದರ ಸಾರ. ಸ್ವರ್ಗವನ್ನೇ ದಕ್ಕಿಸಿಕೊಳ್ಳಬಲ್ಲ ಸಣ್ಣವನಿಗೆ ಒಂದು ಹಾಸ್ಯ ದಕ್ಕುವುದಿಲ್ಲವೇ?

ಸುಗ್ಗಿ ಮುಗಿದು ಜಾತ್ರೆಗಳು ಬರುತ್ತವೆ. ಆಟ ಆಡಿಸುವ ಕಮಿಟಿಗಳು ರಶೀದಿ ಪುಸ್ತಕ ಹಿಡಿದು ಅಂಗಡಿ ಅಂಗಡಿಗೆ, ಮಿಲ್ಲಿನ ಬಾಗಿಲಿಗೆ ಬರುತ್ತವೆ. ಚಂದಾ ಕೊಡಿ, ಧಾರಾಳವಾಗಿ ಕೊಡಿ. ಆದರೆ ರಶೀದಿ ಹರಿಯುವ ಮುಂಚೆ ಒಂದು ಮಾತು ಕೇಳಿ: ಸಾರಥಿಯ ಮಾತಿನಲ್ಲಿ ಎಷ್ಟು ಕತ್ತರಿಸಿದ್ದೀರಿ, ಯಾರು ಹೇಳಿ ಕತ್ತರಿಸಿದಿರಿ?